ಬಲಗಡೆಯ ಎಣ್ಣೆ

“ಎಡಗಡೆಗೆ ಎಣ್ಣೆ ಬಿಟ್ಟೋನು ಬಲಗಡೆಗೂ ಬಿಟ್ಟು ಹೋಗಬಾರ್ದಿತ್ತಾ?”

ವಜೀರ್ ಸಾಬರು ಕೇಳಿದ್ದು ಯಾರನ್ನೂ ಅಲ್ಲ. ಅಂಗಳದಲ್ಲಿ ನಿಂತಿದ್ದ ಜಾವಾ ಬೈಕಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮುಂದಿನ ಚಕ್ರದ ಆಚೀಚೆ ಗುಂಡಿಯ ಏಟು ತಡೆಯುವ ಎರಡು ಫೋರ್ಕುಗಳನ್ನು ನೋಡುತ್ತಿದ್ದರು. ಎಡಗಡೆಯದಕ್ಕೆ ಹೊಸ ಎಣ್ಣೆ ಬಿದ್ದು ನಟ್ಟು ಬಿಗಿದಾಗಿತ್ತು. ಬಲಗಡೆಯದು ಬರಿದು. ಹಳೆಯ ಎಣ್ಣೆ ತಟ್ಟೆಗಿಳಿದು ಕಪ್ಪಗೆ ನಿಂತಿತ್ತು; ಬಿಚ್ಚಿದ ಸ್ಕ್ರೂ, ವಾಷರುಗಳು ಪೇಪರಿನ ಮೇಲೆ ಸಾಲಾಗಿ ಕಾಯುತ್ತಿದ್ದವು.

ಬೈಕಿನ ಒಡೆಯರು, ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತ ದಕ್ಷಿಣಾಮೂರ್ತಿ, ಒಳಗೆ ನಡುಮನೆಯಲ್ಲಿ ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದರು. ಬೆಳಗ್ಗೆ ಎಡಗಡೆ ಮುಗಿಸಿ, “ವಿಶಾಲೂ, ಒಂದು ಲೋಟ ಕಾಫಿ” ಎಂದು ಜಗಲಿಗೆ ಒರಗಿದವರು ಕಾಫಿ ಬರುವ ಹೊತ್ತಿಗೆ ಇರಲಿಲ್ಲ.

ಮಗನಿಲ್ಲದ ಮನೆ. ಕೊಳ್ಳಿ ಇಡಬೇಕಾದ ಅಳಿಯ ಯೋಗನರಸಿಂಹ ನಗರಗೆರೆಯಲ್ಲಿ ಮೇಷ್ಟ್ರು. ಪೋಸ್ಟಾಫೀಸಿನ ಫೋನಿನಿಂದ ಸುದ್ದಿಯೇನೋ ಮುಟ್ಟಿತ್ತು. ಆದರೆ ಅವತ್ತು ಬಸ್ಸಿನವರ ಮುಷ್ಕರ. ಗೌರಿಬಿದನೂರಿನ ಬಾಡಿಗೆ ಕಾರುಗಳೆಲ್ಲ ಚಿಕ್ಕಬಳ್ಳಾಪುರದ ಯಾವುದೋ ಮದುವೆಗೆ ಹೋಗಿದ್ದವು. ಹೊತ್ತು ಮುಳುಗುವುದರೊಳಗೆ ಯಾರಾದರೂ ಹೋಗಿ ಅವರನ್ನು ಕರೆತಂದು ದಹನವಾಗಬೇಕು.

“ನಮ್ಮುಡುಗನ ಲೂನಾ ಐತಲ್ಲ, ತಗೊಂಡೋಗಿ ಸಾಬ್ರೇ” ಎಂದಳು ಪಕ್ಕದ ಮನೆಯ ಹಾಲಿನ ಮುನಿಶಾಮಮ್ಮ.

“ಮಗಳು, ಅಳಿಯ, ಕೈಕೂಸು, ಜೊತೆಗೆ ನಾನು. ಲೂನಾ ಅಲ್ಲೇ ಮಲಗಿಬಿಡ್ತದೆ ಕಣಮ್ಮ. ಆಮೇಲೆ ಅದಕ್ಕೂ ಶಾಸ್ತ್ರಿಗಳೇ ಬರಬೇಕು.”

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಸೆರಗು ಬಾಯಿಗೊತ್ತಿಕೊಂಡರು.

“ಹಾಗಾದ್ರೆ ಈ ಬೈಕಲ್ಲೇ ಇದ್ದಂಗೇ ಹೋಗಿ ಬನ್ನಿ” ಎಂದಳು ಮುನಿಶಾಮಮ್ಮ.

“ಆ ರಸ್ತೇಲಾ? ಒಂದು ಕಡೆ ಎಣ್ಣೆ, ಒಂದು ಕಡೆ ಗಾಳಿ. ಒಂದು ಗುಂಡಿಗೆ ಇಳಿದ್ರೆ ಹ್ಯಾಂಡಲ್ ಒದ್ದು, ಕೂಸು ಕೈಯಿಂದ ಹಾರಿಹೋಗ್ತದೆ. ಬಲಗಡೆಗೂ ಬಿಟ್ಟೇ ಹೊರಡಬೇಕು.” ಸಾಬರು ಸುತ್ತ ತಡಕಾಡಿದರು. “ಅಕ್ಕಾ, ಒಳಲೆ ಎಲ್ಲಿ?”

*

ಅದು ಕೂಸಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ. ಮಗಳು ಜಾನಕಿ ಹುಟ್ಟಿದಾಗ ದಕ್ಷಿಣಾಮೂರ್ತಿಯ ಹೆಂಡತಿ ವಿಶಾಲಾಕ್ಷಮ್ಮನ ತವರಿನವರು ಕೊಟ್ಟದ್ದು. ಕೂಸು ಹಾಲು ಕುಡಿಯುವುದನ್ನು ಬಿಟ್ಟ ವರ್ಷವೇ ದಕ್ಷಿಣಾಮೂರ್ತಿ ಬೈಕು ಕೊಂಡರು. ಫೋರ್ಕಿನ ಎಣ್ಣೆ ಬದಲಿಸಲು ಕೂತಾಗ ಲಾಳಿಕೆ ಸಿಗಲಿಲ್ಲ. ಒಳಲೆಯ ಮೂತಿ ಫೋರ್ಕಿನ ಬಾಯಿಗೆ ಹೇಳಿ ಮಾಡಿಸಿದಂತಿತ್ತು. ಅವತ್ತಿನಿಂದ ಅದರ ವಾಸ ಬೈಕಿನ ಟೂಲ್ ಬಾಕ್ಸಿನಲ್ಲಿ.

“ನನ್ನ ತವರಿನ ಒಳಲೆ ವಾಪಸ್ ಕೊಡ್ರೀ” ಎಂದು ಪ್ರತಿ ಆಯುಧಪೂಜೆಗೂ ವಿಶಾಲಾಕ್ಷಮ್ಮ ಕೇಳುತ್ತಿದ್ದರು.

“ಇದೂ ಕೂಸೇ ಕಣೇ. ವರ್ಷಕ್ಕೊಂದು ಸಲ ಕುಡಿಯುತ್ತೆ, ಪಾಪ” ಎನ್ನುತ್ತಿದ್ದರು ಅವರು.

ಎಣ್ಣೆಯನ್ನು ಗಬಕ್ಕನೆ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ದಕ್ಷಿಣಾಮೂರ್ತಿಯ ಅಳತೆ ಭಾಮಿನಿ ಷಟ್ಪದಿಯ ಒಂದು ಪದ್ಯ. ಅವರ ತಂದೆ ದಿನವೂ ಸಂಜೆ ದೀಪದ ಮುಂದೆ ಭಾರತ ವಾಚಿಸುತ್ತಿದ್ದವರು. ಆ ರಾಗ ಮಗನ ಗಂಟಲಲ್ಲಿ ಉಳಿದಿತ್ತು. ಪದ್ಯ ಮುಗಿಯುವುದಕ್ಕೂ ಒಳಲೆ ಬರಿದಾಗುವುದಕ್ಕೂ ಸರಿಹೋಗಬೇಕು. ಎಡಗಡೆಗೊಂದು ಸಲ, ಬಲಗಡೆಗೊಂದು ಸಲ. ಹ್ಯಾಂಡಲ್ ಹಿಡಿದು ನಿಲ್ಲುತ್ತಿದ್ದವರು ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದ ವಜೀರ್ ಸಾಬರು.

ಜಾನಕಿಯ ಮದುವೆಯಾದ ವರ್ಷ ಮಾತ್ರ ಹಬ್ಬಗಳ ಗಡಿಬಿಡಿಯಲ್ಲಿ ಈ ಕೆಲಸ ದೀಪಾವಳಿಯ ಹಿಂದಿನ ದಿನಕ್ಕೆ ಬಿತ್ತು. ಬಚ್ಚಲಿನ ಗೂಡಿನಲ್ಲಿ ಹರಳೆಣ್ಣೆಯ ಸೀಸೆ, ಪಕ್ಕದಲ್ಲೇ ಫೋರ್ಕಿನ ಎಣ್ಣೆಯ ಸೀಸೆ. ಮಾರನೆಯ ಬೆಳಗ್ಗೆ ಹೊಸ ಅಳಿಯನಿಗೆ ಮಾವನೇ ಕೈಯಾರೆ ಎಣ್ಣೆ ತಿಕ್ಕಿದರು. ಅಭ್ಯಾಸಬಲದಿಂದ ಪದ್ಯವನ್ನೂ ಹಾಡಿದರು. ಎಷ್ಟು ಸೀಗೆಪುಡಿ ಹಾಕಿದರೂ ಜಿಡ್ಡು ಬಿಡಲಿಲ್ಲ. ಇತ್ತ ಬೈಕು ಬಾಣಂತಿ ಕೋಣೆಯ ವಾಸನೆ ಬೀರುತ್ತಾ, ಮುಂದುಗಡೆ ಮರದ ಹಾಗೆ ಬಿಗಿದುಕೊಂಡಿತ್ತು.

ಸಾಬರು ಬಂದು ಫೋರ್ಕನ್ನೂ ಅಳಿಯನ ತಲೆಯನ್ನೂ ಮೂಸಿ ನೋಡಿದರು.

“ಮೂರ್ತಿ, ಗಾಡಿಗೆ ಇನ್ನು ಉಷ್ಣ ಆಗಲ್ಲ. ಅಳಿಯಂದ್ರು ಎಂಥಾ ಗುಂಡೀಲಿ ಬಿದ್ರೂ ತಲೆ ಅಲ್ಲಾಡಲ್ಲ. ಇಬ್ಬರಿಗೂ ಲಾಭವೇ!”

ಯೋಗನರಸಿಂಹ ಆಮೇಲೆ ಆ ಬೈಕಿನ ಹತ್ತಿರ ಸುಳಿದವರಲ್ಲ.

*

ವಿಶಾಲಾಕ್ಷಮ್ಮ ಎದ್ದು ಬಾಗಿಲಿಗೆ ಬಂದರು. ಸೆರಗಿನ ಗಂಟು ಬಿಚ್ಚಿದರು. ಒಳಲೆ ಅಲ್ಲಿತ್ತು.

“ಬೆಳಗ್ಗೆ ಅವರ ಕೈಯಿಂದಾನೇ ತಗೊಂಡೆ” ಎಂದರು. “ಇಷ್ಟು ವರ್ಷ ಕೇಳಿದ್ರೂ ಕೊಡದೋರು, ಇವತ್ತು ಕೇಳದೇನೇ ಬಿಟ್ಟುಕೊಟ್ರು.”

ಸಾಬರು ಕೈಯೊಡ್ಡಿದರು. ಅಷ್ಟರಲ್ಲಿ ದರ್ಭೆ ಬಿಡಿಸುತ್ತಿದ್ದ ಶಾಸ್ತ್ರಿಗಳು ಜಗಲಿಯಿಂದ ತಡೆದರು.

“ನಿಲ್ಲಿ, ನಿಲ್ಲಿ. ಸೂತಕದ ಮನೇಲಿ ಎಣ್ಣೆ ಮುಟ್ಟಬಾರದು.”

“ತಲೇ ಹತ್ರ ದೀಪ ಇಟ್ಟಿದ್ದೀರಲ್ಲ ಸ್ವಾಮಿ, ಅದೇನು ನೀರಲ್ಲಿ ಉರೀತೈತಾ?” ಮುನಿಶಾಮಮ್ಮ ಕೇಳಿದಳು.

ಶಾಸ್ತ್ರಿಗಳು ದರ್ಭೆಯನ್ನು ಕೆಳಗಿಟ್ಟರು.

“ಸೂತಕ ಮನೆಯವರಿಗೆ. ವಜೀರ್ ಸಾಬರಿಗೆ ಯಾವ ಸೂತಕ? ವಿಶಾಲಾಕ್ಷಮ್ಮ, ನೀವು ಒಳಲೆ ಕೆಳಗಿಡಿ, ಅವರು ಎತ್ತಿಕೊಳ್ಳಲಿ. ಬೇಗ ಆಗಲಿ, ಅಳಿಯ ಬರದೆ ನಾನು ಇಲ್ಲಿ ಏನೂ ಮಾಡೋ ಹಾಗಿಲ್ಲ.”

ಮುನಿಶಾಮಮ್ಮ ಸೀರೆ ಎತ್ತಿಕಟ್ಟಿ, ಎಮ್ಮೆಯ ಕೊಂಬು ಹಿಡಿದಂತೆ ಹ್ಯಾಂಡಲ್ ಹಿಡಿದಳು. ಸಾಬರು ಕೆಳಗಿನ ಸ್ಕ್ರೂ ಬಿಗಿದು, ಒಳಲೆಗೆ ಎಣ್ಣೆ ತುಂಬಿ, ಮೂತಿಯನ್ನು ಮೇಲಿನ ಬಾಯಿಗಿಟ್ಟರು. ಇಷ್ಟು ವರ್ಷ ಹ್ಯಾಂಡಲ್ ಹಿಡಿದವರೇ ಹೊರತು ಒಮ್ಮೆಯೂ ಎಣ್ಣೆ ಬಿಟ್ಟವರಲ್ಲ.

ಗಂಟಲು ಸರಿಮಾಡಿಕೊಂಡು ಪದ್ಯ ಎತ್ತಿದರು.

ರಾಗ ದಕ್ಷಿಣಾಮೂರ್ತಿಯದೇ, ಉರ್ದು ನಾಲಗೆಯಲ್ಲಿ ಅಲ್ಲಲ್ಲಿ ಅಕ್ಷರ ಮೆತ್ತಗಾಗಿತ್ತು, ಅಷ್ಟೆ. ಒಂದು ಸಾಲು, ಎರಡು, ಮೂರು. ಎಣ್ಣೆ ಜೇನಿನ ಎಳೆಯಂತೆ ಇಳಿಯುತ್ತಿತ್ತು. ನಾಲ್ಕನೆಯ ಸಾಲಿಗೆ ಬಂದಾಗ ಸಾಬರು ಬಾಯಿ ಮುಚ್ಚಿ ಸುಮ್ಮನಾದರು.

ಮರೆತರೆಂದು ಶಾಸ್ತ್ರಿಗಳು ಜಗಲಿಯಿಂದ ಆ ಸಾಲನ್ನು ಹಾಡಿದರು. ಸಾಬರ ಕೈ ಜಗ್ಗಿ ಎಣ್ಣೆ ಹೊರಗೆ ತುಳುಕಿತು.

“ಏನ್ ಶಾಸ್ತ್ರಿಗಳೇ ನೀವು! ಅಲ್ಲಿ ಏನೂ ಇಲ್ಲ. ಅಲ್ಲಿ ಉಸಿರು ಹಿಡೀಬೇಕು.”

“ಏನೂ ಇಲ್ಲವೆ? ಪದ್ಯಕ್ಕೆ ಆರು ಸಾಲು ರೀ!”

“ಮೂರ್ತಿ ಪದ್ಯಕ್ಕೆ ಐದೇ.”

ಬಾಗಿಲಿನಿಂದ ಒಂದು ಸದ್ದು ಬಂತು. ಅಳುವೆಂದು ಎಲ್ಲರೂ ತಿರುಗಿದರೆ, ವಿಶಾಲಾಕ್ಷಮ್ಮ ಒದ್ದೆ ಕಣ್ಣಲ್ಲೇ ನಗುತ್ತಿದ್ದರು.

“ಹೌದು ಶಾಸ್ತ್ರಿಗಳೇ. ಆ ಸಾಲಿಗೆ ಎಣ್ಣೆ ಅರ್ಧಕ್ಕೆ ಬರ್ತಿತ್ತು. ಒಳಲೆ ಇನ್ನಷ್ಟು ಬಗ್ಗಿಸಬೇಕು ಅಂತ ಉಸಿರು ಹಿಡೀತಿದ್ರು. ವಜೀರಣ್ಣ ಹಾಗೇ ಕಲಿತುಬಿಟ್ಟಿದ್ದಾರೆ.”

ಸಾಬರು ಒಳಗಿಳಿದಿದ್ದ ಎಣ್ಣೆಯನ್ನು ಕೆಳಗಿನ ಸ್ಕ್ರೂ ಬಿಚ್ಚಿ ಬಸಿದು, ಮತ್ತೆ ಬಿಗಿದು, ಒಳಲೆಯನ್ನು ಹೊಸದಾಗಿ ತುಂಬಿ ಮೊದಲಿನಿಂದ ಶುರುಮಾಡಿದರು. ನಾಲ್ಕನೆಯ ಸಾಲಿನಲ್ಲಿ ಈ ಸಲ ಅಂಗಳವೆಲ್ಲ ಉಸಿರು ಹಿಡಿಯಿತು, ಶಾಸ್ತ್ರಿಗಳೂ ಹಿಡಿದರು. ಪದ್ಯದ ಕೊನೆಗೆ ಒಳಲೆ ಬರಿದಾಯಿತು.

ಸಾಬರು ಮೇಲಿನ ನಟ್ಟು ಬಿಗಿದು, ಹ್ಯಾಂಡಲನ್ನು ಕೆಳಕ್ಕೊತ್ತಿ ಬಿಟ್ಟರು. ಬೈಕು ನಿಧಾನವಾಗಿ ತಗ್ಗಿ, ನಿಧಾನವಾಗಿ ಎದ್ದಿತು.

“ಅಯ್ಯೋ ದೇವುಡಾ, ನಮಸ್ಕಾರ ಮಾಡ್ತಾ ಐತೆ!” ಎಂದಳು ಮುನಿಶಾಮಮ್ಮ.

*

ಬಿಸಿಲು ಹಳದಿಯಾಗುವ ಹೊತ್ತಿಗೆ ಜಾವಾದ ಸದ್ದು ಬೀದಿಯ ತುದಿಯಲ್ಲಿ ಕೇಳಿತು. ಮುಂದೆ ಸಾಬರು, ನಡುವೆ ಕೂಸನ್ನು ಎದೆಗವಚಿಕೊಂಡ ಜಾನಕಿ, ಹಿಂದೆ ಸೀಟಿನ ಅಂಚಿನಲ್ಲಿ ಹೇಗೋ ನಿಂತಂತೆ ಕೂತ ಯೋಗನರಸಿಂಹ.

ಜಾನಕಿ ಇಳಿದು ಅಮ್ಮನನ್ನು ತಬ್ಬಿಕೊಂಡಳು. ಅಷ್ಟು ಅಳುವಿನಲ್ಲೂ ಕೂಸು ಏಳಲಿಲ್ಲ.

“ಅತ್ತೇ, ನಗರಗೆರೆ ಬಿಟ್ಟಾಗ ಮಲಗಿದ್ದು ಇವಳು” ಎಂದರು ಅಳಿಯ, ಬೆರಗಿನಿಂದ. “ಅಷ್ಟು ಗುಂಡಿ ಹಾರಿಸಿದ್ರೂ ಕಣ್ಣು ಬಿಟ್ಟಿಲ್ಲ.”

“ನಿಮ್ಮಾವ ಕೂತು ಓಡಿಸಿದ್ದಿದ್ರೆ ಕನಸೂ ಬೀಳ್ತಿತ್ತು” ಎಂದರು ಸಾಬರು. ನಗಲು ಹೋದವರು ಮುಖ ಆಚೆ ತಿರುಗಿಸಿದರು.

ಚಟ್ಟ ಎದ್ದಿತು. ಹೊತ್ತು ಮುಳುಗುವ ಮುಂಚೆಯೇ ಎಲ್ಲ ನಡೆಯಿತು. ಮಡಕೆ ಹೊತ್ತ ಅಳಿಯನ ಹಿಂದೆ, ತುಸು ದೂರದಲ್ಲಿ, ಟೋಪಿ ಹಾಕಿಕೊಂಡ ಸಾಬರು ಕೊನೆಯವರೆಗೂ ನಡೆದರು.

ಮರಳಿ ಬಂದು ದೀಪ ನೋಡಿ ಎಲ್ಲರೂ ಚದುರಿದ ಮೇಲೆ, ಸಾಬರು ಅಂಗಳದ ನಲ್ಲಿಯ ಬಳಿ ಕೂತು ಬೂದಿ, ಹುಣಿಸೆಹಣ್ಣು ಹಚ್ಚಿ ಒಳಲೆ ಉಜ್ಜಿದರು. ಬೆಳ್ಳಿ ಬೆಳ್ಳಗಾಯಿತು. ಅದನ್ನು ತಂದು ಜಗಲಿಯ ಮೇಲಿಟ್ಟರು.

“ತಗೊಳ್ಳಿ ಅಕ್ಕಾ. ನಿಮ್ಮ ತವರಿನದು. ಮೂರ್ತಿ ಪರವಾಗಿ ವಾಪಸ್.”

ಆಗಲೇ ಕೂಸು ಎದ್ದು ರಚ್ಚೆ ಹಿಡಿಯಿತು. ಜಾನಕಿ ಅದನ್ನು ಮಡಿಲಲ್ಲಿ ಆಡಿಸುತ್ತಾ ಕೈಚಾಚಿದಳು.

“ಅಮ್ಮಾ, ಅದನ್ನ ಇವಳಿಗೆ ಕೊಡೇ. ಕುದಿಸಿ ತೊಳೆದ್ರೆ ಆಯ್ತು. ನಾನೂ ಅದರಲ್ಲೇ ಅಲ್ವಾ ಹಾಲು ಕುಡಿದಿದ್ದು?”

ವಿಶಾಲಾಕ್ಷಮ್ಮ ಒಳಲೆಯನ್ನು ಎತ್ತಿಕೊಂಡು ಮೂಸಿದರು. ಅಂಗಳಕ್ಕೆ ಇಳಿದರು. ಬೈಕಿನ ಟೂಲ್ ಬಾಕ್ಸ್ ತೆರೆದು, ಸ್ಪ್ಯಾನರುಗಳ ನಡುವೆ ಹಳೆಯ ಬನಿಯನ್ನಿನ ತುಂಡಿನಲ್ಲಿ ಅದನ್ನು ಮಲಗಿಸಿ, ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟು ನಿಂತರು.

“ಕೊಡಲ್ಲ” ಎಂದರು.