ಗಂಟೆ ಹೊಡೆಯುವವರೆಗೆ

ಬೀನ್ಸ್ ಹೆಚ್ಚುತ್ತಿದ್ದವಳು ಕತ್ತೆತ್ತಿ ನೋಡಿದಾಗ ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಲೆಕ್ಕ ಬಿಡಿಸುತ್ತಿದ್ದಳು. ತಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೊನ್ನೆ ಮೊನ್ನೆಯವರೆಗೆ ಇದೇ ಹುಡುಗಿ ಪೆನ್ಸಿಲ್ ಚೂಪು ಮಾಡುವುದರಲ್ಲೇ ಸಂಜೆ ಕಳೆಯುತ್ತಿದ್ದಳು. ಹೀಗೇ ಆದರೆ ಇನ್ನೊಂದು ವರ್ಷ ಮೂರನೇ ಕ್ಲಾಸಿನಲ್ಲೇ ಕೂರಬೇಕಾಗುತ್ತದೆ ಎಂದು ಟೀಚರ್ ಹೇಳಿಕಳಿಸಿದ್ದರು.

ಲೆಕ್ಕದಲ್ಲಿ ಡುಮ್ಕಿ ಹೊಡೆದೇ ತಾಯಿ ಶಾಲೆ ಬಿಟ್ಟು ಗಾರ್ಮೆಂಟ್ಸ್ ಸೇರಿದ್ದು. ಕಾಲರ್ ಹೊಲಿದೂ ಹೊಲಿದೂ ಸೂಪರ್‌ವೈಸರ್ ಆದಳು ನಿಜ, ಆದರೆ ಮಗಳು ಆ ಹೊಸಿಲು ತುಳಿಯುವುದು ಅವಳಿಗೆ ಕನಸಿನಲ್ಲೂ ಬೇಡ. ಪಾಪ, ಅವಳಿಗೆ ಗೊತ್ತಿದ್ದ ಶಿಸ್ತು ಮಾತ್ರ ಅಲ್ಲಿಯದೊಂದೇ. ಅದನ್ನೇ ಮಗಳಿಗೂ ತಂದಳು. ಶಾಲೆಯಿಂದ ಬಂದು ಹಾಲು ಕುಡಿಯುವುದು, ಅಲಾರಂ ಇಟ್ಟುಕೊಂಡು ಕೂರುವುದು, ಗಂಟೆ ಹೊಡೆದ ಮೇಲೆ ಆಟ. ಮಧ್ಯೆ ಎದ್ದರೆ ಎದ್ದಷ್ಟು ಹೊತ್ತು ಆಟದಲ್ಲಿ ಕಡಿತ. ಫ್ಯಾಕ್ಟರಿಯಲ್ಲೂ ಮೆಷಿನ್ ಬಿಟ್ಟು ಎದ್ದವರು ಅಷ್ಟು ಹೊತ್ತಿನ ಕೆಲಸವನ್ನು ಸಂಜೆ ನಿಂತು ತುಂಬಿಕೊಡಬೇಕಿತ್ತು.

"ಇದು ಮನೆಯೋ ಗಾರ್ಮೆಂಟ್ಸೋ?" ಎಂದು ಅತ್ತೆ ಮೊದಲ ದಿನವೇ ಕೊಂಕು ತೆಗೆದಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಸೊಸೆ ಅವರ ಬಾಯಿ ಮುಚ್ಚಿಸಿದ್ದಳು. ಟೆಸ್ಟಿನಲ್ಲಿ ಒಳ್ಳೆಯ ಮಾರ್ಕ್ಸ್ ಬಂದ ಮೇಲಂತೂ ಅತ್ತೆ ತುಟಿಪಿಟಕ್ಕೆನ್ನಲಿಲ್ಲ.

ಬೀನ್ಸ್ ತೊಳೆಯಲು ಎದ್ದವಳ ಪಾದಕ್ಕೆ ಒದ್ದೆ ತಗುಲಿತು. ಮಗಳ ಕುರ್ಚಿಯ ಕೆಳಗೆ ನೀರು ಹರಡಿತ್ತು. ಬಾಟಲಿ ಉರುಳಿರಬೇಕೆಂದು ಬಗ್ಗಿ ನೋಡಿದಳು. ಬಾಟಲಿ ಮೇಜಿನ ಮೇಲೇ ಇತ್ತು. ಮಗಳ ಯೂನಿಫಾರ್ಮ್ ತೊಯ್ದು ತೊಡೆಗೆ ಅಂಟಿಕೊಂಡಿತ್ತು. ಹುಡುಗಿ ಇನ್ನೂ ಬರೆಯುತ್ತಲೇ ಇದ್ದಳು. ಮಾಡಿದ ಲೆಕ್ಕಗಳೆಲ್ಲ ಸರಿಯಾಗಿದ್ದವು.

"ಯಾಕೆ ಪುಟ್ಟಿ, ಎದ್ದು ಹೋಗಬಾರ್ದಿತ್ತಾ?"

"ಗಂಟೆ ಹೊಡೀಲಿಲ್ವಲ್ಲಮ್ಮ."

ತಾಯಿ ಅವಳ ಕೈಯಿಂದ ಪೆನ್ಸಿಲ್ ತೆಗೆದಿಟ್ಟಳು. ಅವಳನ್ನು ಬಚ್ಚಲಿಗೆ ಕರೆದೊಯ್ದು ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಮ್ಮನ ಭುಜ ಹಿಡಿದು ನಿಂತಿದ್ದ ಮಗಳು ಮೆಲ್ಲಗೆ ಕೇಳಿದಳು.

"ಈಗ ತೊಳೀತಿರೋ ಹೊತ್ತನ್ನೂ ಆಟದಲ್ಲಿ ಕಡಿತ ಮಾಡ್ತೀಯಾ?"

"ಇಲ್ಲ ಕಣೇ. ಇನ್ಮೇಲೆ ಏನೂ ಕಡಿತ ಇಲ್ಲ. ಹೋಗು, ಆಡ್ಕೋ ಹೋಗು."

ಬೇರೆ ಬಟ್ಟೆ ಹಾಕಿಕೊಂಡು ಹುಡುಗಿ ಬಾಗಿಲವರೆಗೆ ಹೋದಳು. ಬೀದಿಯಲ್ಲಿ ಮಕ್ಕಳು ಅವಳನ್ನು ಕೂಗಿ ಕರೆಯುತ್ತಿದ್ದರು. ಚಪ್ಪಲಿ ಮೆಟ್ಟಿದವಳು ಅಲ್ಲೇ ನಿಂತು, ನಿಜವಾಗಿಯೂ ಹೋಗಬಹುದಾ ಎನ್ನುವಂತೆ ಜಗಲಿಯಲ್ಲಿ ಕೂತಿದ್ದ ಅಜ್ಜಿಯ ಮುಖ ನೋಡಿದಳು.