ಏಳನೇ ಮಾಹಿತಿದಾರೆ

"ನಿಮ್ಮವ್ವನ ಜಾಗ ಈ ತಿಂಗಳು ಖಾಲಿ ಆಗ್ತಿದೆಯಲ್ಲಮ್ಮ, ಅದಕ್ಕೆ ಅರ್ಜಿ ಹಾಕು. ಕಕ್ಕಸು ತೊಳೆಯೋದಾದ್ರೂ ಪರ್ಮನೆಂಟ್ ಕೆಲಸ. ಪಿಂಚಣಿ ಬೇರೆ ಇದೆ. ನಮ್ಮ ವಿಭಾಗದಲ್ಲಿ ಏನಿದೆ, ಹೇಳು?"

ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರು ಹೀಗೆ ಹೇಳಿ, ಹೇಳಿದ್ದು ತಮಗೇ ರುಚಿಸಿ, ಹೊಟ್ಟೆ ಕುಲುಕಿಸಿ ನಕ್ಕರು. ಫೈಲು ಹಿಡಿದು ನಿಂತಿದ್ದ ಜವಾನನೂ ನಕ್ಕ. ಮುಖ್ಯಸ್ಥರು ನಕ್ಕಾಗ ನಗುವುದು ಅವನ ಕೆಲಸದಲ್ಲೇ ಸೇರಿತ್ತು. ನಗದೆ ನಿಂತವಳು ಟೆಂಪರರಿ ಒಬ್ಬಳೇ. ಅವಳ ಕೈಯಲ್ಲಿ ಆ ದಿನದ ಸಂದರ್ಶನಕ್ಕೆ ಬಂದಿದ್ದ ಅಭ್ಯರ್ಥಿಗಳ ಪಟ್ಟಿಯಿತ್ತು. ಟೈಪು ಮಾಡಿದವಳೂ ಅವಳೇ, ಪಟ್ಟಿಯ ಕೊನೆಯ ಹೆಸರೂ ಅವಳದೇ.

ಟೆಂಪರರಿ ಎಂದು ಅವಳಿಗೆ ಮೊದಲು ಹೆಸರಿಟ್ಟದ್ದು ಆಫೀಸಿನವರು. ಆಮೇಲೆ ಉಪನ್ಯಾಸಕರೂ ಹಾಗೇ ಕರೆದರು, ಕೊನೆಗೆ ವಿದ್ಯಾರ್ಥಿಗಳೂ "ಟೆಂಪರರಿ ಮೇಡಂ ತುಂಬ ಚೆನ್ನಾಗಿ ಪಾಠ ಮಾಡ್ತಾರೆ" ಎನ್ನತೊಡಗಿದರು. ಹನ್ನೊಂದು ವರ್ಷದಿಂದ ಅವಳು ಆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದಳು. ವರ್ಷದ ಕೊನೆಗೆ ಎರಡು ದಿನ ಅವಳನ್ನು ಕೆಲಸದಿಂದ ತೆಗೆದುಹಾಕುತ್ತಿದ್ದರು. ಮೂರನೇ ದಿನ ಹೊಸದಾಗಿ ಅರ್ಜಿ ಬರೆಸಿಕೊಂಡು ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಸೇವೆ ಬಿಡದೆ ಮುಂದುವರಿದರೆ ಆಕೆ ಎಲ್ಲಿ ಹಕ್ಕು ಕೇಳಿಬಿಡುತ್ತಾಳೋ ಎಂಬ ಮುನ್ನೆಚ್ಚರಿಕೆ. ಆ ಎರಡು ದಿನ ಅವಳು ಕಾಲೇಜಿಗೆ ಯಾರೂ ಅಲ್ಲ. ಬೆಳಿಗ್ಗೆ ಬಿಡುಗಡೆಯ ಪತ್ರ ಕೊಟ್ಟು, ಮಧ್ಯಾಹ್ನ ಅದೇ ಕೈಗೆ ಇನ್ನೂರು ಉತ್ತರಪತ್ರಿಕೆಗಳ ಕಟ್ಟು ಕೊಡುತ್ತಿದ್ದರು. ಹೀಗೆ ಹನ್ನೊಂದು ಸಲ ಮುರಿದ ಸೇವೆಯನ್ನು ಕೂಡಿಸಿ ನೋಡಿದ ಗುಮಾಸ್ತ, ಅವಳ ಅರ್ಜಿಯಲ್ಲಿ ಅನುಭವ ಎಂಬ ಜಾಗದ ಮುಂದೆ 'ಇಲ್ಲ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದ.

ಈಗ ಒಂದೇ ಒಂದು ಕಾಯಂ ಹುದ್ದೆ ಬಂದಿತ್ತು. ನಲವತ್ತು ದಾಟಿದವರು ಅರ್ಜಿ ಹಾಕುವಂತಿಲ್ಲ. ಟೆಂಪರರಿಗೆ ಬರುವ ತಿಂಗಳು ನಲವತ್ತು ತುಂಬುತ್ತಿತ್ತು. ಇದು ತಪ್ಪಿದರೆ ಇನ್ನು ಸಾಯುವವರೆಗೂ ಅವಳು ಟೆಂಪರರಿಯೇ.

ಪಟ್ಟಿಯ ಮೊದಲ ಹೆಸರು ಮುಖ್ಯಸ್ಥರ ಅಳಿಯನದು. ಅಳಿಯನಿಗೆ ಪಾಠ ಮಾಡಿ ಗೊತ್ತಿರಲಿಲ್ಲ, ಓದಿ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮಾವನೊಬ್ಬನೇ. ಆದರೂ ಅವನ ಪಿಎಚ್.ಡಿ. ಪ್ರಬಂಧಕ್ಕೆ ವರ್ಷದ ಅತ್ಯುತ್ತಮ ಸಂಶೋಧನೆಯ ಪ್ರಶಸ್ತಿ ಬಂದಿತ್ತು. ವಿಷಯ, ಸ್ವಚ್ಛತಾ ಕೆಲಸದ ಹೆಂಗಸರ ಬದುಕು. ಬರೆದವಳು ಟೆಂಪರರಿ.

ಅದೂ ಒಂದೇ ಏಟಿಗೆ ಆದದ್ದಲ್ಲ. "ನಮ್ಮ ಅಳಿಯಂದ್ರ ಕೈಬರಹ ಚೆನ್ನಾಗಿಲ್ಲ, ಸ್ವಲ್ಪ ಟೈಪ್ ಮಾಡಿಕೊಡಮ್ಮ" ಎಂದು ಶುರುವಾಯಿತು. ಟೈಪು ಮಾಡಲು ಕೈಬರಹ ಕೇಳಿದರೆ, "ಅದನ್ನೂ ಸ್ವಲ್ಪ ನೀನೇ ನೋಡಿಕೊ" ಎಂದರು. ಅವಳ ಸ್ವಂತ ಪಿಎಚ್.ಡಿ. ಪ್ರಬಂಧ ಮುಖ್ಯಸ್ಥರ ಸಹಿಗಾಗಿ ಅವರ ಮೇಜಿನ ಮೇಲೆ ನಾಲ್ಕು ವರ್ಷದಿಂದ ಕೂತಿತ್ತು. ಅದರ ಮೇಲೆ ಚಹಾ ಲೋಟ ಇಟ್ಟ ಕಲೆಗಳೂ ಬಿದ್ದಿದ್ದವು. "ಅವನದು ಮುಗೀಲಿ, ನಿನ್ನದಕ್ಕೂ ಸಹಿ ಹಾಕ್ತೀನಿ" ಎಂದರು. ಮಾತಿಗೆ ತಪ್ಪಲಿಲ್ಲ. ಅಳಿಯನ ಮುನ್ನೂರು ಪುಟ ಮುಗಿದ ದಿನವೇ ಅವಳದಕ್ಕೂ ಸಹಿ ಬಿತ್ತು.

ಆ ಮುನ್ನೂರು ಪುಟಕ್ಕೆ ಅವಳು ಹದಿನೆಂಟು ಹೆಂಗಸರನ್ನು ಮಾತಾಡಿಸಿದ್ದಳು. ಅವರಲ್ಲಿ ಏಳನೆಯವಳು ಅವಳ ಅವ್ವ.

ಅವ್ವ ಅದೇ ಕಾಲೇಜಿನಲ್ಲಿ ಮೂವತ್ತೆರಡು ವರ್ಷದಿಂದ ಕಕ್ಕಸು ತೊಳೆಯುತ್ತಿದ್ದವಳು. ಹೊರಗಿನವರ ಮುಂದೆ ತುಟಿ ಬಿಚ್ಚದ ಅವ್ವ ಮಗಳ ಮುಂದೆ ಹನ್ನೆರಡು ಭಾನುವಾರ ಕೂತು ಎಲ್ಲ ಹೇಳಿದಳು. ಯಾರಿಗೂ ಹೇಳಬಾರದ್ದನ್ನೂ ಹೇಳಿದಳು. "ಬರ್ಕೋ ಬರ್ಕೋ. ನನ್ನ ನಾಚಿಕೆ ನಿನಗೆ ಓದಾಗೋದಾದ್ರೆ ಆಗ್ಲಿ" ಎಂದಳು. ಪ್ರಶಸ್ತಿ ಕೊಟ್ಟ ದಿನ ಸಭಾಂಗಣ ಗುಡಿಸಿದವಳೂ ಅವಳೇ. ವೇದಿಕೆ ಹತ್ತಿದವನು ಅಳಿಯ. "ಅವನ್ಯಾಕೆ ಈಸ್ಕೊಂಡ?" ಎಂದು ಕೇಳಿದರೆ ಮಗಳು, "ನನ್ನ ಪರವಾಗಿ ಅವ್ವ, ನನಗೆ ಗಂಟಲು ಕೆಟ್ಟಿತ್ತಲ್ಲ" ಎಂದಿದ್ದಳು. ಅವ್ವ ನಂಬಿದಳು.

ಸಂದರ್ಶನದ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳು ಕೂತಿದ್ದಾಗ ಅವ್ವ ಬಕೆಟ್ಟು ಹಿಡಿದು ಎರಡನೇ ಮಹಡಿಗೆ ಹೊರಟಿದ್ದಳು. ಹತ್ತಿರ ಬಂದು, ಕೈ ಒದ್ದೆಯಾಗಿದ್ದರಿಂದ ಮುಟ್ಟದೆ, "ಹೆದರ್ಬೇಡ ಕಣೇ. ನಿನ್ನ ಪುಸ್ತಕ ಓದಿದವ್ರು ನಿನ್ನ ಬಿಡ್ತಾರಾ?" ಎಂದಳು.

"ಹೂಂ ಅವ್ವ" ಎಂದಳು ಟೆಂಪರರಿ.

ಒಳಗೆ ಮೂವರ ಸಮಿತಿ. ಅಧ್ಯಕ್ಷರು, ಆಡಳಿತ ಮಂಡಳಿಯ ಒಬ್ಬ ಸದಸ್ಯರು, ಹೊರಗಿನಿಂದ ಬಂದ ಒಬ್ಬ ತಜ್ಞೆ. ಅಳಿಯ ಅಭ್ಯರ್ಥಿಯಾಗಿದ್ದರಿಂದ ಮುಖ್ಯಸ್ಥರು ಸಮಿತಿಯಲ್ಲಿ ಕೂರುವಂತಿರಲಿಲ್ಲ. ನಿಯಮ ಎಂದರೆ ನಿಯಮ. ಆದ್ದರಿಂದ ಅವರು ಸಮಿತಿಯ ಕುರ್ಚಿಗಳಿಂದ ಒಂದು ಮೊಳ ಹಿಂದಕ್ಕೆ ತಮ್ಮ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಎಲ್ಲ ಸುಸೂತ್ರವಾಗಿ ಮುಗಿಯಬೇಕಿತ್ತು. ಪ್ರತಿಸಲ ಬರುತ್ತಿದ್ದ ತಜ್ಞರು ಊಟದ ಹೊತ್ತಿಗೆ ಬಂದು, ಉಂಡು, ಸಹಿ ಹಾಕಿ ಹೋಗುತ್ತಿದ್ದ ಸಜ್ಜನರು. ಈ ಸಲ ಅವರಿಗೆ ಕಾಲು ಮುರಿದು, ಬದಲಿಗೆ ಈ ಮುದುಕಿ ಬಂದಿದ್ದರು. ಬಂದವರು ಒಂದು ಅನಾಹುತ ಮಾಡಿಕೊಂಡು ಬಂದಿದ್ದರು. ರೈಲಿನಲ್ಲಿ ಹೊತ್ತು ಹೋಗದೆ ಅಳಿಯನ ಪ್ರಬಂಧವನ್ನು ಓದಿದ್ದರು.

"ನೂರಾ ನಲವತ್ಮೂರನೇ ಪುಟ" ಎಂದರು ತಜ್ಞೆ, ಎದುರು ಕೂತ ಅಳಿಯನಿಗೆ. "ಏಳನೇ ಮಾಹಿತಿದಾರೆ ಕೆಲಸ ಮುಗಿದ ಮೇಲೆ ಮೊದಲು ಪೊರಕೆ ತೊಳೀತಾಳೆ, ಆಮೇಲೆ ಕೈ. ಯಾಕೆ?"

ಅಳಿಯ ಮಾವನ ಕಡೆ ನೋಡಿದ. ಮಾವ ಸೂರಿನ ಕಡೆ ನೋಡಿದರು.

"ಶುಚಿತ್ವದ ಪ್ರಜ್ಞೆ ಮೇಡಂ" ಎಂದ ಅಳಿಯ. "ಕಾಯಕನಿಷ್ಠೆ. ಆ ವರ್ಗದವರಲ್ಲಿ ಅದು ರಕ್ತದಲ್ಲೇ ಬಂದಿರುತ್ತೆ."

"ನೀವು ಬರೆದದ್ದು ಹಾಗಿಲ್ಲವಲ್ಲ."

"ಹಾಗಿಲ್ವಾ?" ಎಂದ ಅಳಿಯ, ನಿಜವಾಗಿಯೂ ಆಶ್ಚರ್ಯಪಟ್ಟು.

ಮುಖ್ಯಸ್ಥರು ಹಿಂದಿನಿಂದ ಕೆಮ್ಮಿದರು. "ನಮ್ಮ ಅಭ್ಯರ್ಥಿಗೆ ಮೂರು ದಿನದಿಂದ ಮೈಯಲ್ಲಿ ಸರಿಯಿಲ್ಲ ಮೇಡಂ. ಪುಟದ ವಿಚಾರ ಎಲ್ಲ ಟೈಪ್ ಮಾಡಿದವರಿಗೆ ಚೆನ್ನಾಗಿ ಗೊತ್ತಿರುತ್ತೆ. ಹೊರಗೇ ಇದ್ದಾಳೆ, ಕರೀತೀನಿ."

ಬಾಗಿಲಲ್ಲೇ ಅವಳನ್ನು ತಡೆದು, ಹಲ್ಲು ಬಿಗಿಹಿಡಿದು ಪಿಸುಗುಟ್ಟಿದರು. "ಒಳಗೆ ಹೋಗಿ, ಆ ಮುದುಕಿ ಕೇಳಿದ್ದಕ್ಕೆ ಉತ್ತರ ಹೇಳಿ, ಬಾಯಿ ಮುಚ್ಕೊಂಡು ಬಾ. ಬರೋ ವರ್ಷದ ನಿನ್ನ ಆದೇಶ ನನ್ನ ಕೈಲಿದೆ. ನಿಮ್ಮವ್ವನ ಪಿಂಚಣಿ ಕಾಗದವೂ ನನ್ನ ಮೇಜಿನ ಮೇಲೇ ಬರುತ್ತೆ. ನೆನಪಿರ್ಲಿ."

ಟೆಂಪರರಿ ಒಳಗೆ ಹೋದಳು. ಅಳಿಯ ಕುರ್ಚಿಯಲ್ಲಿ ಕೂತೇ ಇದ್ದ, ಅವಳು ಅವನ ಪಕ್ಕ ನಿಂತಳು. ತಜ್ಞೆ ಮತ್ತೆ ಅದೇ ಪ್ರಶ್ನೆ ಕೇಳಿದರು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅಂಕ ಅಳಿಯನಿಗೆ, ಹೇಳದಿದ್ದರೆ ಅವ್ವನ ಪಿಂಚಣಿಗೆ ಕುತ್ತು. ಹನ್ನೊಂದು ವರ್ಷ ಅವಳು ಇಂಥ ಹೊತ್ತಿನಲ್ಲೆಲ್ಲ ತಲೆ ತಗ್ಗಿಸಿ ಉತ್ತರ ಹೇಳಿದ್ದಳು. ಇವತ್ತೂ ಬಾಯಿ ತೆರೆದಳು. ಪಕ್ಕದಲ್ಲಿ ಅಳಿಯ, ಅವಳು ಹೇಳುವುದನ್ನು ಗುರುತು ಹಾಕಿಕೊಳ್ಳಲು, ಪೆನ್ನಿನ ಟೋಪಿ ಬಿಚ್ಚಿದ. ಆ ಪೆನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು.

"ನಾನು ಹೇಳಿದ್ರೆ ಅದು ಕೇಳಿದ ಮಾತಾಗುತ್ತೆ ಮೇಡಂ" ಎಂದಳು. "ಏಳನೇ ಮಾಹಿತಿದಾರೆ ಇದೇ ಕಟ್ಟಡದ ಎರಡನೇ ಮಹಡಿಯಲ್ಲಿದ್ದಾಳೆ. ಅವಳನ್ನೇ ಕರೆಸಿ."

ಮುಖ್ಯಸ್ಥರು ಎದ್ದು ನಿಂತರು. ಆದರೆ ಅವರು ಸಮಿತಿಯಲ್ಲಿರಲಿಲ್ಲ. ತಜ್ಞೆ ಜವಾನನನ್ನು ಓಡಿಸಿದರು.

ಅವ್ವ ಬಂದಳು. ಮೊಣಕಾಲವರೆಗೆ ಬಟ್ಟೆ ಒದ್ದೆ, ಕಾಲಲ್ಲಿ ರಬ್ಬರಿನ ಚಪ್ಪಲಿ, ಹಿಂದೆಯೇ ಆಸಿಡ್ಡಿನ ಘಾಟು. ಅಧ್ಯಕ್ಷರು ಕರವಸ್ತ್ರವನ್ನು ಮೂಗಿಗೆ ಹಿಡಿದರು. ಅವ್ವ ಮಗಳನ್ನು ನೋಡಿ, ಆಹಾ, ಕೆಲಸ ಆಗೇಹೋಯಿತು, ಅದಕ್ಕೇ ನನ್ನನ್ನೂ ಕರೆಸಿದ್ದಾರೆ ಎಂದುಕೊಂಡು ಮುಖ ಅರಳಿಸಿದಳು. ಆ ಮುಖ ನೋಡಲಾಗದೆ ಟೆಂಪರರಿ ಗೋಡೆ ನೋಡಿದಳು.

"ಪೊರಕೆ ಮೊದಲು ತೊಳೀತೀರಂತೆ, ಕೈ ಆಮೇಲಂತೆ. ಯಾಕಮ್ಮ?" ಎಂದರು ತಜ್ಞೆ.

"ಪೊರಕೆ ಮೂರು ತಿಂಗಳಿಗೊಂದು ಕೊಡ್ತಾರೆ ತಾಯಿ. ಅದು ಕೊಳೆತ್ರೆ ಸ್ಟೋರಿನ ಮುಂಡೇಮಗ ಅವ್ವ ಅಕ್ಕ ಅಂತ ಬೈತಾನೆ. ಕೈ ಕೊಳೆತ್ರೆ ಕೇಳೋರ್ಯಾರು?" ಅವ್ವನಿಗೆ ಧೈರ್ಯ ಬಂತು. "ಇದೆಲ್ಲ ನನ್ನ ಮಗಳ ಪುಸ್ತಕದಲ್ಲಿದೆಯಲ್ಲ, ಓದಿಲ್ವಾ ನೀವು?"

ತಜ್ಞೆ ಪುಸ್ತಕವನ್ನು ಅವ್ವನ ಕಡೆ ತಿರುಗಿಸಿ ಮೆಲ್ಲಗೆ ಹೇಳಿದರು. "ಇದರ ಮೇಲೆ ನಿಮ್ಮ ಮಗಳ ಹೆಸರಿಲ್ಲಮ್ಮ. ಇಲ್ಲಿ ಕೂತಿದ್ದಾರಲ್ಲ, ಇವರ ಹೆಸರಿದೆ."

ಅವ್ವ ಅಳಿಯನನ್ನು ನೋಡಿದಳು. "ಇವನಾ? ಇವನು ಹೋದ ಕಕ್ಕಸಿಗೆ ಒಂದಿನ ನೀರು ಹಾಕಿದ್ದು ನಾ ಕಾಣೆ. ಇವನು ನನ್ನ ಯಾವಾಗ ಮಾತಾಡ್ಸಿದ್ದ?" ಎಂದವಳು ಮಗಳ ಕಡೆ ತಿರುಗಿದಳು. "ಏನೇ ಇದು?"

"ಬರೆದದ್ದು ನಾನವ್ವ. ಹೆಸರು ಅವರದು. ನನ್ನದಕ್ಕೆ ಸಹಿ ಬೇಕಿತ್ತು, ಅದಕ್ಕೆ..."

ಅವ್ವ ಫಟಾರನೆ ಕೆನ್ನೆಗೆ ಬಾರಿಸಿದಳು. ಬೆಳಗಿನಿಂದ ಮಗಳನ್ನು ಮುಟ್ಟದೆ ಇದ್ದ ಅದೇ ಒದ್ದೆ ಕೈ. "ಹೊಟ್ಟೆಯೊಳಗಿಂದು ಬಗೆದು ಹೇಳಿದ್ನಲ್ಲೇ ನಿನಗೆ! ನಿಮ್ಮಪ್ಪಂಗೂ ಹೇಳದೆ ಇದ್ದಿದ್ದು! ಅದನ್ನ ತಗೊಂಡು ಹೋಗಿ ಈ ಬೋಳಿಮಗಂಗೆ ಮಾರ್ಕೊಂಡ್ಯಾ?"

ಟೆಂಪರರಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಕಟ್ಟಡದೊಳಗೆ ಅವಳಿಗೆ ಸಿಕ್ಕ ಮೊದಲ ನ್ಯಾಯ ಅದು ಎಂದು ಅವಳಿಗೆ ಅನ್ನಿಸಿತು.

ಅಧ್ಯಕ್ಷರು ಮೂಗಿನಿಂದ ಕರವಸ್ತ್ರ ತೆಗೆಯದೆಯೇ ಮಂಡಳಿಯ ಸದಸ್ಯರ ಕೈಯಲ್ಲಿ ನಡಾವಳಿ ಬರೆಸತೊಡಗಿದರು. ಮೂವತ್ತು ವರ್ಷ ಸಭೆ ನಡೆಸಿದ ಪಳಗಿದ ಕೈ, ಯಾವ ಹೊಲಸನ್ನೂ ಎರಡು ಸಾಲಿನಲ್ಲಿ ತೊಳೆಯಬಲ್ಲವರು. "ಬರೀರಿ. ಅಭ್ಯರ್ಥಿಯ ಕ್ಷೇತ್ರಕಾರ್ಯವು ಎಷ್ಟು ಆಳವಾದದ್ದೆಂದರೆ, ಮಾಹಿತಿದಾರೆಯು ಸ್ವತಃ ಸಮಿತಿಯ ಮುಂದೆ ಹಾಜರಾಗಿ ಪ್ರಬಂಧದ ಅಂಶಗಳನ್ನು ದೃಢಪಡಿಸಿರುತ್ತಾರೆ. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು."

"ಒಂದು ಯಾಕೆ ಕಡಿಮೆ ಸರ್?" ಎಂದರು ಮಂಡಳಿಯ ಸದಸ್ಯರು.

"ಅನುಮಾನ ಬರಬಾರದಲ್ಲ."

"ನಾನು ಇದಕ್ಕೆ ಸಹಿ ಹಾಕೋದಿಲ್ಲ" ಎಂದರು ತಜ್ಞೆ.

"ಮೂವರಲ್ಲಿ ಇಬ್ಬರದು ಸಾಕು ಮೇಡಂ. ನಿಮ್ಮ ರೈಲಿಗೆ ಹೊತ್ತಾಯ್ತೇನೋ."

"ನನ್ನ ಸಂದರ್ಶನ?" ಎಂದು ಕೇಳಿದಳು ಟೆಂಪರರಿ.

"ಇಷ್ಟೊತ್ತು ಮಾತಾಡಿದ್ರಲ್ಲಮ್ಮ, ಅದೇ. ಎರಡು ಅಂಕ ಹಾಕಿದೀನಿ" ಎಂದು ಅಧ್ಯಕ್ಷರು ನಡಾವಳಿಯ ಹಾಳೆಯನ್ನು ಎಳೆದುಕೊಂಡು ಸಹಿ ಹಾಕತೊಡಗಿದರು. ಪಕ್ಕದಲ್ಲೇ ಮೊಹರು, ತೆರೆದಿಟ್ಟ ಮಸಿಯ ಪ್ಯಾಡು.

ಟೆಂಪರರಿ ಅಳಿಯನ ಕೈಯಿಂದ ಪೆನ್ನು ಕಿತ್ತುಕೊಂಡಳು. ಪ್ರಬಂಧವನ್ನು ತನ್ನ ಕಡೆ ಎಳೆದು, ರಟ್ಟಿನ ಮೇಲಿನ ಅವನ ಹೆಸರಿಗೆ ಗೀಟು ಹಾಕಲು ಬಗ್ಗಿದಳು. ಅಷ್ಟರಲ್ಲಿ ಅವ್ವ ಅವಳ ಕೈ ಹಿಡಿದಳು.

"ನೀನು ಬರೀಬೇಡ. ಬರ್ದೂ ಬರ್ದೂ ಏನು ಕಿಸಿದೆ? ಸರಿ ಆ ಕಡೆ."

ಅವ್ವ ಹೆಬ್ಬೆರಳನ್ನು ಪ್ಯಾಡಿಗೆ ಅದ್ದಿ ಅಳಿಯನ ಹೆಸರಿನ ಮೇಲೆ ಒತ್ತಿದಳು. ಮತ್ತೆ ಅದ್ದಿ ನಡಾವಳಿಯ ಮೇಲೆ ಒತ್ತಿದಳು. ಇಪ್ಪತ್ನಾಲ್ಕರ ಮೇಲೆ, ಅಧ್ಯಕ್ಷರ ಅರ್ಧ ಮುಗಿದ ಸಹಿಯ ಮೇಲೆ, ನಿಧಾನವಾಗಿ, ಒಂದಾದ ಮೇಲೊಂದು. ಮುಖ್ಯಸ್ಥರು "ಏಯ್, ನಿನ್ನ ಪಿಂಚಣಿ! ನಿನ್ನ ಪಿಂಚಣಿ!" ಎಂದು ಕೂಗುತ್ತಿದ್ದರು. ಆದರೆ ಆಸಿಡ್ಡಿನ ನೀರು ತೊಟ್ಟಿಕ್ಕುತ್ತಿದ್ದ ಆ ಹೆಂಗಸನ್ನು ಹಿಡಿದು ಎಳೆಯಲು ಯಾರೂ ಮುಂದೆ ಬರಲಿಲ್ಲ. ಎಳೆಯಬೇಕಾದರೆ ಮುಟ್ಟಬೇಕಿತ್ತು.

ಅಧ್ಯಕ್ಷರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಗುರುತುಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಎಲ್ಲವೂ ನುಣ್ಣಗಿನ ಕರಿ ಬೊಟ್ಟುಗಳು. ಅವರಿಗೆ ಸ್ವಲ್ಪ ಉಸಿರು ಬಂತು.

"ಇದು ನಡೆಯಲ್ಲಮ್ಮ. ಗೆರೆನೇ ಇಲ್ಲ ಇದರಲ್ಲಿ. ಯಾರ ಹೆಬ್ಬೆಟ್ಟು ಅಂತ ಹೆಂಗೆ ಹೇಳೋದು?"

"ಗೆರೆ ಎಲ್ಲಿ ಹೋಯ್ತು ಅಂತ ನಿಮ್ಮ ಎರಡನೇ ಮಹಡಿ ಕಕ್ಕಸು ಕೇಳಿ, ಹೇಳುತ್ತೆ" ಎಂದಳು ಅವ್ವ. ಹೆಬ್ಬೆರಳನ್ನು ಮತ್ತೆ ಮಸಿಗೆ ಅದ್ದಿ, ಪ್ರಬಂಧದ ಮೇಲೆ ಬಗ್ಗಿ, ಮಗಳಿಗೆ ಹೇಳಿದಳು, "ಪುಟ ತಿರುವು."

ಟೆಂಪರರಿ ತಿರುವಿದಳು.