ಎರಡು ಬೆರಳು ಜಾಗ

"ತಡೀರಿ ಅತ್ತೆ, ಅದನ್ನ ಒಳಗಿಡ್ಬೇಡಿ!"

ಮಗಳು ಕೈ ಅಡ್ಡ ಹಿಡಿದಳು. ದರ್ಜಿ ಅಪ್ಪನ ಶವಪೆಟ್ಟಿಗೆ ಅವನ ಅಂಗಡಿಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮೇಲಿತ್ತು. ಅತ್ತೆಯ ಕೈಯಲ್ಲಿ ಉದ್ದನೆಯ ನೋಟುಪುಸ್ತಕ.

"ನಮ್ಮಣ್ಣನ ಜೊತೆಗೇ ಹೋಗ್ಲಿ ಬಿಡೇ. ದಿನಾ ಬೆಳಗ್ಗೆ ಬೈಬಲಿನ ನಾಲ್ಕು ವಚನ ಓದೋದು, ಮನಸ್ಸಿಗೆ ಬಂದದ್ದು ಇದರಲ್ಲಿ ಬರೆಯೋದು. ಊರಿಗೆಲ್ಲ 'ನಾಳೆ ಕೊಡ್ತೀನಿ' ಅಂತ ಸುಳ್ಳು ಹೇಳ್ದೋನು, ಇದಕ್ಕೊಂದಕ್ಕೆ ನಾಳೆ ಅನ್ಲಿಲ್ಲ."

"ನನ್ನ ಪ್ಯಾಂಟು ಇಲ್ಲೇ ಎಲ್ಲೋ ಇದೆ," ಎಂದ ಪಕ್ಕದ ಗುಂಡಿ ಅಂಗಡಿಯವನು, ಕಣ್ಣೊರೆಸಿಕೊಳ್ಳುತ್ತ. "ಮೂರು ತಿಂಗಳಾಯ್ತು."

ಅಳುವಿನ ನಡುವೆಯೇ ಅತ್ತೆಗೆ ನಗು ಬಂತು. ಮಗಳಿಗೆ ಬರಲಿಲ್ಲ. ಏಳು ವರ್ಷದಿಂದ ಅಪ್ಪ ಅವಳ ಜೊತೆ ಮಾತಾಡಿರಲಿಲ್ಲ, ಅವಳೂ ಆಡಿರಲಿಲ್ಲ. ಹೋಗುವಾಗಲೂ ಅವನಿಗೆ ಆ ಸಿಟ್ಟು ಇತ್ತೇ? ಹೇಳಬಲ್ಲದ್ದು ಈ ಪುಸ್ತಕ ಒಂದೇ.

"ಒಂದು ಪುಟ ನೋಡ್ತೀನಿ ಅತ್ತೆ."

"ಪಾದ್ರಿಗಳು ಬರೋವರೆಗೆ ನೋಡು. ಆಮೇಲೆ ಮುಚ್ಚಳ ಹಾಕ್ತಾರೆ."

*

ಏಳು ವರ್ಷದ ಹಿಂದೆ, ಅವಳು ಅಪ್ಪನ ಅಂಗಡಿಯಲ್ಲೇ ಹೊಲಿಯುತ್ತಿದ್ದಾಗ, ಒಬ್ಬ ಮದುಮಗನ ಕೋಟು ಬಂದಿತ್ತು. ಒಳಗೆ ಮಡಚಿದ ಬಟ್ಟೆ ದಪ್ಪವಾಗಿ ಕಾಣುತ್ತದೆಂದು ಅವಳು ಹೊಲಿಗೆಯ ಅಂಚಿನವರೆಗೂ ಕತ್ತರಿಸಿಬಿಟ್ಟಿದ್ದಳು. ಮದುವೆಯ ಹಿಂದಿನ ದಿನ ಕೋಟು ಬಿಗಿಯಾಯಿತು. ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ.

"ಎರಡು ಬೆರಳು ಜಾಗ ಬಿಡೋಕೆ ಬರದೋಳು ದರ್ಜಿನೇ ಅಲ್ಲ," ಎಂದಿದ್ದ ಅಪ್ಪ, ಗಿರಾಕಿಗಳ ಎದುರೇ. "ಮನುಷ್ಯ ಯಾವಾಗ್ಲೂ ಒಂದೇ ಅಳತೆಯಲ್ಲಿ ಇರ್ತಾನೇನೇ?"

ಮರುವಾರ ಅವಳು ಎದುರು ಸಾಲಿನಲ್ಲಿ ತನ್ನದೇ ಅಂಗಡಿ ತೆರೆದಳು.

*

ಆ ದಿನದ ಪುಟ ಸಿಕ್ಕಿತು. ಓದಿದ್ದು ಯೋನನ ಕತೆಯ ಕೊನೆ: ದೇವರು ಊರನ್ನು ಕ್ಷಮಿಸಿಬಿಟ್ಟನೆಂದು ಪ್ರವಾದಿ ಮುಖ ಊದಿಸಿಕೊಂಡು ಕೂತದ್ದು, ನಿನ್ನ ಸಿಟ್ಟು ಸರಿಯೇ ಎಂದು ದೇವರು ಕೇಳಿದ್ದು. ಕೆಳಗೆ ಅಪ್ಪನ ಒಂದೇ ಸಾಲು:

'ಅವನ ಸಿಟ್ಟು ಸರಿ. ನನ್ನದೂ ಸರಿ.'

ಪುಸ್ತಕ ಮುಚ್ಚಬೇಕೆಂದವಳ ಕಣ್ಣು ಕೆಳಗೆ ಜಾರಿತು. ಪ್ರತಿ ಪುಟದಲ್ಲೂ ಅಪ್ಪ ಮೊದಲ ಬರಹದ ಕೆಳಗೆ ಜಾಗ ಬಿಟ್ಟಿದ್ದ. ಇಲ್ಲಿ ಆ ಜಾಗದಲ್ಲಿ ಬೇರೆ ಶಾಯಿ, ಎರಡು ವರ್ಷದ ನಂತರದ ತಾರೀಕು:

'ಮತ್ತೆ ಓದಿದೆ. ಪ್ರಶ್ನೆ ನನ್ನನ್ನೇ ಕೇಳಿದ ಹಾಗಿತ್ತು. ಗುಂಡಿ ಅಂಗಡಿಯವನು ಅವಳ ಹತ್ತಿರ ಕೋಟು ಹೊಲಿಸಿದ್ದಾನೆ. ಒಳಗೆ ನೋಡಿದೆ. ಎರಡು ಬೆರಳು ಬಿಟ್ಟಿದ್ದಾಳೆ. ಹೋಗಿ ಹೇಳಬೇಕು.'

ಅದರ ಕೆಳಗೆ ಪೆನ್ಸಿಲ್ಲು, ಹೋದ ತಿಂಗಳದ್ದು, ಅಕ್ಷರ ನಡುಗಿತ್ತು:

'ಇನ್ನೂ ಹೇಳಿಲ್ಲ. ಈ ಕತೆ ದೇವರ ಪ್ರಶ್ನೆಯಲ್ಲೇ ಮುಗಿಯುತ್ತದೆ. ಯೋನ ಕೊನೆಗೆ ಏನಂದನೋ ಬರೆದಿಲ್ಲ. ಅಲ್ಲೂ ಜಾಗ ಬಿಟ್ಟಿದ್ದಾರೆ.'

ಅವಳು ಗುಂಡಿ ಅಂಗಡಿಯವನ ಕಡೆ ತಿರುಗಿದಳು. "ಅಣ್ಣಾ, ಅಪ್ಪ ನಿಮ್ಮ ಕೋಟು ನೋಡಿದ್ರಾ?"

"ನೋಡಿದ್ರಾ ಅಂತೀಯಲ್ಲಮ್ಮ! ಮೈಮೇಲೆ ಇದ್ದಾಗಲೇ ಒಳಗಿನ ಅಂಚು ತಿರುಗಿಸಿದ್ರು. ಕೈ ಜೇಬಿಗೆ ಹೋಯ್ತೇನೋ ಅಂತ ಗಾಬರಿ ನನಗೆ."

"ಏನಂದ್ರು?"

"ಆ ಹೊಲಿಗೆ ಸವರ್ತಾನೇ ಇದ್ರು. ನನಗೆ ಕಚಗುಳಿ!"

ಬಾಗಿಲಲ್ಲಿ ಪಾದ್ರಿಯ ಬಿಳಿ ನಿಲುವಂಗಿ ಕಾಣಿಸಿತು. ಅತ್ತೆ ಕೈ ಚಾಚಿದಳು. "ಕೊಡೇ, ಹೊತ್ತಾಯ್ತು."

"ಇದರಲ್ಲಿ ಇನ್ನೂ ಜಾಗ ಇದೆ ಅತ್ತೆ."

ತನ್ನ ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು, ಸುರುಳಿ ಸುತ್ತಿ, ಅಪ್ಪನ ಕೈಯೊಳಗೆ ಇಟ್ಟಳು. ಆಮೇಲೆ ಮಷಿನ್ನಿನ ಡ್ರಾಯರಿನಿಂದ ಅವನ ಮೋಟು ಪೆನ್ಸಿಲ್ಲು ಹುಡುಕಿ, ಅಪ್ಪನ ಕೊನೆಯ ಸಾಲಿನ ಕೆಳಗೆ ಇವತ್ತಿನ ತಾರೀಕು ಹಾಕಿ ಬರೆದಳು:

'ನನ್ನದು ಸರಿಯಿರಲಿಲ್ಲಪ್ಪ.'

ಸಾಲಿನ ಕೆಳಗೆ ಎರಡು ಬೆರಳಿಟ್ಟು ಅಳೆದಳು, ಅಲ್ಲಿಗೊಂದು ಸಣ್ಣ ಗುರುತು ಹಾಕಿದಳು.